ವಿಮಾನ ಇಳಿಯುವ ಬಯಲಿನ ಮನೆ

ಆ ಮನೆ ಆರಿಸಿದವಳು ನಾನೇ. ಆಮೇಲೆ ಎಷ್ಟೋ ಸಲ ನಮ್ಮ ಮನೆಯವರು ಅದನ್ನೇ ಎತ್ತಿ ಆಡಿ ನನ್ನ ಬಾಯಿ ಮುಚ್ಚಿಸಿದ್ದುಂಟು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ದಾವಣಗೆರೆಯ ಹತ್ತಿ ಮಿಲ್ಲೊಂದರ ಹಿಂದಿನ ವಠಾರದಲ್ಲಿ ನಾವಿದ್ದೆವು: ನಾನು, ನಮ್ಮ ಮನೆಯವರು, ಅತ್ತೆ, ಮತ್ತೆ ಅತ್ತೆ ಹಳ್ಳಿ ಬಿಡುವಾಗ ಹಟ ಹಿಡಿದು ಹೊಡೆದುಕೊಂಡು ಬಂದಿದ್ದ ಎಮ್ಮೆ. ನಾಲ್ವರಿಗೂ ಒಂದೇ ಕೋಣೆ ಅನ್ನುವುದೊಂದು ಬಾಕಿ. ಎಮ್ಮೆಯನ್ನು ಬೀದಿಯ ಕಂಬಕ್ಕೆ ಕಟ್ಟುತ್ತಿದ್ದೆವು. ಬೆಳಗಾದರೆ ನಲ್ಲಿಯ ಮುಂದೆ ಒಂದು ಜಗಳ, ಸಗಣಿಗೆ ಇನ್ನೊಂದು ಜಗಳ. ನನ್ನ ನಾಲಿಗೆ ಇಷ್ಟು ಹರಿತವಾದದ್ದು ಅಲ್ಲಿಯೇ ಇರಬೇಕು.

ಆಗ ಹರಿಹರದ ಹೊರಗೆ ಒಂದು ಸಣ್ಣ ವಿಮಾನದ ಬಯಲಿತ್ತು. ಸರ್ಕಾರದ್ದಲ್ಲ. ಸ್ವಂತ ವಿಮಾನ ಇಟ್ಟುಕೊಂಡು ತಾವೇ ಓಡಿಸುವ ಹುಚ್ಚಿದ್ದ ಮೂರ್ನಾಲ್ಕು ಮಂದಿ ಸಾಹುಕಾರರು ಸೇರಿ ಮಾಡಿಸಿಕೊಂಡದ್ದು. ಗರಸು ಹಾಕಿ ರೋಲರ್ ಹೊಡೆದ ಉದ್ದನೆಯ ನೆಲ, ಒಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆಯದೆಂದು ತಿಳಿಯಲು ಕಂಬದ ತುದಿಗೆ ಕಟ್ಟಿದ ಬಟ್ಟೆಯ ಚೀಲ, ಅಷ್ಟೇ. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ನಮ್ಮ ಮನೆಯವರನ್ನು ಬೆಂಗಳೂರಿಗೆ ಕಳಿಸಿ, ಕೆಲಸ ಕಲಿಸಿ, ವಿಮಾನದ ಮೆಕ್ಯಾನಿಕ್ ಮಾಡಿಕೊಂಡರು. ಬಯಲಿನ ಅಂಚಿನಲ್ಲಿ ಎರಡು ಹಂಚಿನ ಮನೆ ಕಟ್ಟಿಸಿದ್ದಾರೆ, ಒಂದರಲ್ಲಿ ಇರಿ, ಬೇಡವಾದರೆ ದಾವಣಗೆರೆಯಿಂದಲೇ ರೈಲಿನಲ್ಲಿ ಓಡಾಡಿ ಎಂದರು.

ಮನೆ ನೋಡಲು ಹೋದ ದಿನವೇ ನಾನು ಸೋತೆ. ಹಿತ್ತಿಲು, ಬಾವಿ, ಕಣ್ಣು ಹಾಯುವಷ್ಟು ದೂರ ಆಕಾಶ. ಅತ್ತೆ ಮನೆಯೊಳಗೆ ಕಾಲೇ ಇಡಲಿಲ್ಲ, ಬಯಲಿನ ಹುಲ್ಲನ್ನು ಕಿತ್ತು ಮೂಸಿ, “ಎಮ್ಮಿ ಇಲ್ಲೇ ಇರ್ತೈತೆ, ನೀವು ಎಲ್ಲಾದ್ರೂ ಇರ್‍ರಿ” ಎಂದರು. ಹಿಂದೇಟು ಹಾಕಿದವರು ನಮ್ಮ ಮನೆಯವರೊಬ್ಬರೇ.

“ಇಲ್ಲಿ ಬ್ಯಾಡ. ಸದ್ದು ಬಾಳ. ದಾವಣಗೆರೆಯಾಗೇ ಇರಾಣ.”

“ಯಾಕ? ಹಾರಾಡೋರು ಸಾಹುಕಾರ್‍ರು. ನೀವು ನೆಲದ ಮ್ಯಾಲೆ ಕುಂತು ರಿಪೇರಿ ಮಾಡೋರು. ನಿಮಗೇನು ತ್ರಾಸು?”

ಅವರು ಹೆಗಲ ಮೇಲಿನ ಕೆಂಪು ಚೌಕಳಿಯ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಸಂಜೆ ಗೆಳೆಯರೊಂದಿಗೆ ಹರಟೆ ತಪ್ಪುತ್ತದೆಂದು ಸಂಕಟ ಪಡುತ್ತಿದ್ದಾರೆ ಅಂತ ನಾನು ಒಳಗೊಳಗೇ ನಕ್ಕೆ. ಬಂಡಿ ಮಾಡುವ ಬಡಗಿ ತಾನು ಮಾಡಿದ ಪ್ರತಿ ಬಂಡಿಯನ್ನೂ ಹತ್ತಿ ಊರು ಸುತ್ತುತ್ತಾನೆಯೇ? ನನ್ನ ಲೆಕ್ಕ ಅಷ್ಟು ಸರಳವಾಗಿತ್ತು.

ನಾವು ಆ ಮನೆಗೇ ಬಂದೆವು. ಪಕ್ಕದ ಮನೆಗೆ ನಮ್ಮ ಮನೆಯವರ ಕೈಕೆಳಗಿನ ಮೆಕ್ಯಾನಿಕ್ ಬಂದ. ಹೊಸದಾಗಿ ಮದುವೆಯಾದವನು. ಹೆಂಡತಿ ದಾವಣಗೆರೆ ಹತ್ತಿರದ ಬಾತಿಯ ಕಡೆಯ ಹುಡುಗಿ, ಬಂದ ದಿನದಿಂದಲೇ ನನ್ನನ್ನು ಅಕ್ಕಾ ಎಂದು ಕರೆದು ಬೆನ್ನು ಹತ್ತಿದಳು.

ಒಕ್ಕಲುತನದವರ ಕಣ್ಣಿಗೆ ಆ ನೆಲ ಬೇರೆಯೇ ಕಾಣುತ್ತಿತ್ತು. ಹಳ್ಳಿಯಲ್ಲಿ ಕಣ ಮಾಡಬೇಕಾದರೆ ನೆಲ ಕೆತ್ತಿ, ನೀರು ಹಾಕಿ, ಬಡಿದು, ಸಗಣಿ ಸಾರಿಸಿ ಸೊಂಟ ಬೀಳುತ್ತದೆ. ಇಲ್ಲಿ ಯಾರೋ ಪುಣ್ಯಾತ್ಮರು ರೋಲರ್ ಹೊಡೆಸಿಟ್ಟಿದ್ದಾರೆ! ಬೆಳಿಗ್ಗೆ ಹಾರಿದ ವಿಮಾನ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಸಂಜೆಗೆ ತಿರುಗಿ ಬರುತ್ತಿತ್ತು. ಅದು ಅತ್ತ ಹೋದದ್ದೇ ತಡ, ನಮ್ಮ ಪಾಲಿಗೆ ಹಳ್ಳಿಯಿಂದ ಬಂದ ಜೋಳವನ್ನು ಅತ್ತೆ ನಡು ಬಯಲಿನಲ್ಲಿ ಗೋಣಿತಟ್ಟಿನ ಮೇಲೆ ಹರವಿಸಿ, ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿಸುತ್ತಿದ್ದರು. ಇಳಿಹೊತ್ತಿಗೆ ಎತ್ತಿದರಾಯಿತು. ಕಾವಲಿನವನಿಗೆ ಅತ್ತೆಯ ಮಜ್ಜಿಗೆಯ ರುಚಿ ಹತ್ತಿತ್ತು, ಅವನು ಕಂಡೂ ಕಾಣದಂತಿದ್ದ.

ಒಂದು ದಿನ ವಿಮಾನ ಹೋದ ಸ್ವಲ್ಪ ಹೊತ್ತಿಗೇ ವಾಪಸ್ಸು ಬಂತು. ಜೋಳ ಹರವಿ ಇನ್ನೂ ಸೊಂಟ ನೆಟ್ಟಗೆ ಮಾಡಿರಲಿಲ್ಲ. ಇಳಿಯಲು ಬಂದದ್ದು ನಮ್ಮನ್ನು ಕಂಡು ಮೇಲೆದ್ದು, ಮತ್ತೆ ಸುತ್ತು ಹಾಕಿ ತಗ್ಗಿಗೆ ಬಂತು. ಎಂಜಿನ್ನು ಕೆಮ್ಮುವ ಮುದುಕನ ಹಾಗೆ ನಡುನಡುವೆ ಉಸಿರು ಕಟ್ಟುತ್ತಿತ್ತು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು, ಎತ್ತಿ ಎತ್ತಿ ಎನ್ನುವಂತೆ ಬೀಸುತ್ತಿತ್ತು. ಕೈಯಲ್ಲಿ ಕೆಂಪು ಚೌಕಳಿಯ ಟವೆಲ್ಲು.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ನೋಡಿದವರು ಚೀರಿದರು: “ಏ, ಅದು ನನ್ನ ಮಗ ಕಣೇ! ನನ್ನ ಮಗ ಅದ್ರಾಗ ಕುಂತಾನೆ!”

ನಮ್ಮ ಮನೆಯವರು ಶೆಡ್ಡಿನಲ್ಲಿದ್ದಾರೆಂದೇ ನಾನು ನಂಬಿದ್ದೆ. ಅವರು ನೆಲಕ್ಕೆ ಬರಬೇಕಾದರೆ ನಾನು ಹರವಿದ ಜೋಳ, ನಾನೇ ಹೊತ್ತು ತಂದಿಟ್ಟ ಕಲ್ಲು ದಾರಿಯಲ್ಲಿವೆ. ಕಲ್ಲುಗಳನ್ನು ಎತ್ತಿ ಎತ್ತಿ ಹೊರಗೆಸೆದೆ. ಅತ್ತೆ ತಟ್ಟುಗಳನ್ನು ಜೋಳ ಸಮೇತ ದರದರನೆ ಎಳೆದರು. ಪಕ್ಕದ ಮನೆಯ ಹುಡುಗಿ, ಅವಳ ಗಂಡ, ಕಾವಲಿನವನು, ಎಲ್ಲರೂ ಓಡಿ ಬಂದರು. ವಿಮಾನ ತಲೆಯ ಮೇಲೆ ಸುತ್ತುತ್ತಲೇ ಇತ್ತು. ಆಗ ಎಷ್ಟು ದೇವರನ್ನು ಕರೆದೆನೋ, ಎಷ್ಟು ದೇವರನ್ನು ಬೈದೆನೋ, ಎರಡೂ ನೆನಪಿಲ್ಲ.

ಇಳಿಯಿತು. ಸಾಹುಕಾರರು ಕೆಂಡವಾಗಿ ಕಾವಲಿನವನನ್ನು ಹಿಡಿದುಕೊಂಡರು. ನಮ್ಮ ಮನೆಯವರು ನನ್ನ ಹತ್ತಿರ ಬಂದು, “ಜೋಳ ಬಾಳ ಚೆಲ್ತೇನು?” ಎಂದರು. ಹತ್ತು ಜನರ ಎದುರು ಗಂಡನಿಗೆ ಹೊಡೆದವಳು ಎಂಬ ಹೆಸರು ಬರಬಾರದೆಂದು ಕೈ ಹಿಡಿದುಕೊಂಡೆ.

ಮನೆಗೆ ಬಂದ ಮೇಲೆ ಬಾಯಿ ಬಿಟ್ಟರು. ಎಂಜಿನ್ನು ಬಿಚ್ಚಿ ಜೋಡಿಸಿದ ಮೇಲೆ ಪರೀಕ್ಷೆಗೆ ಹಾರಿಸಬೇಕು, ಆಗ ಜೋಡಿಸಿದವನೇ ಪಕ್ಕದಲ್ಲಿ ಕೂರಬೇಕು. ಅಲ್ಲಿಯ ರೂಢಿ ಅದು.

“ಬೋಲ್ಟು ಬಿಗಿದೋನು ಜೊತಿಗೆ ಕುಂತ್ರೇನೇ ಹಾರ್ಸೋರಿಗೆ ನಂಬಿಕಿ. ಸೇರಿದಾಗಿಂದ ಹತ್ತಾಕತ್ತೀನಿ.”

“ನನಗ್ಯಾಕ ಹೇಳಲಿಲ್ಲ?”

“ಅದಕ್ಕೇ ದಾವಣಗೆರೆಯಾಗೇ ಇರಾಣ ಅಂದಿದ್ದು. ಅಲ್ಲಿದ್ರೆ ನಿನಗೆ ಗೊತ್ತೇ ಆಗ್ತಿರಲಿಲ್ಲ.”

ಆ ಮಾತಿಗೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇನ್ನೊಮ್ಮೆ ಹತ್ತಿದರೆ ಎಮ್ಮೆ, ಅತ್ತೆ ಇಬ್ಬರನ್ನೂ ಕರೆದುಕೊಂಡು ವಠಾರಕ್ಕೆ ಹೋಗುತ್ತೇನೆ ಎಂದೆ. ಅತ್ತೆ ಮಗನೊಂದಿಗೆ ಮಾತು ಬಿಟ್ಟರು. ಕೊನೆಗೆ ನಮ್ಮ ಮನೆಯವರು, ಮೇಲೆ ಹೋದರೆ ತಮಗೆ ತಲೆಸುತ್ತು ಬರುತ್ತದೆಂದು ಸಾಹುಕಾರರ ಹತ್ತಿರ ಸುಳ್ಳು ಹೇಳಿದರು. ಇನ್ನು ಮೇಲೆ ಹತ್ತುವುದಿಲ್ಲ ಎಂದು ನನಗೆ ಮಾತು ಕೊಟ್ಟರು. ನಾನು ಅವತ್ತು ರವೆ ಬೆಲ್ಲದ ಸಜ್ಜಕ ಮಾಡಿದೆ.

ಮುಂದಿನ ಸಲ ಎಂಜಿನ್ನು ಬಿಚ್ಚಿ ಜೋಡಿಸಿದ ದಿನ ವಿಮಾನ ಮೇಲೇರಿದಾಗ, ಶೆಡ್ಡಿನ ಮುಂದೆ ನಮ್ಮ ಮನೆಯವರು ನಿಂತಿರುವುದನ್ನು ಕಣ್ತುಂಬ ನೋಡಿದೆ. ಎದೆ ಹಗುರಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗಿ ಬಟ್ಟಲು ಹಿಡಿದು ಬಂದಳು.

“ಅಕ್ಕಾ, ಒಂದೀಟು ಹೆಪ್ಪು ಇದ್ರೆ ಕೊಡ್ರಿ. ನಿನ್ನೆ ಹಾಲು ಒಡೀತು.”

ಶೆಡ್ಡಿನ ಮುಂದೆ ಅವಳ ಗಂಡ ಇರಲಿಲ್ಲ. ಅವಳಿಗೆ ಅದು ಹೊಳೆದೇ ಇರಲಿಲ್ಲ. ಅವನೂ ಹೆಂಡತಿಗೆ ಹೇಳಿರಲಿಲ್ಲ. ಒಬ್ಬ ಇಳಿದರೆ ಇನ್ನೊಬ್ಬ ಹತ್ತಲೇಬೇಕು ಎನ್ನುವುದು ನನಗಾದರೂ ಯಾಕೆ ಹೊಳೆಯಲಿಲ್ಲ? ನಮ್ಮ ಮನೆಯವರು ಬಿಗಿದ ಬೋಲ್ಟನ್ನು ನಂಬಿ ಈ ಹುಡುಗಿಯ ಗಂಡ ಮೇಲೆ ಕುಳಿತಿದ್ದ. ಹೇಳಬೇಕೆಂದು ಬಾಯಿ ತೆರೆದೆ. ಹೇಳಿ ಮಾಡುವುದೇನು? ಅವಳನ್ನು ಕಟ್ಟೆಯ ಮೇಲೆ ಕೂರಿಸಿದೆ. ಮೊಸರಿನ ಗಡಿಗೆ ಕಣ್ಣ ಮುಂದೆಯೇ ಇದ್ದರೂ ಹುಡುಕುವವಳಂತೆ ಒಳಗೆ ಹೊರಗೆ ಓಡಾಡಿದೆ.

ಅವಳು ಆಕಾಶ ನೋಡುತ್ತ ಕಾಲಾಡಿಸುತ್ತಿದ್ದಳು. “ಎಷ್ಟು ಎತ್ತರ ಐತೆ ನೋಡ್ರಿ ಅಕ್ಕಾ! ಅದ್ರಾಗ ಕುಂತೋರ ಹೆಂಡ್ರು ಮನ್ಯಾಗೆ ಹೆಂಗೆ ಇರ್ತಾರೋ ಏನೋ!”

ಬಯಲಿನ ಆಚೆ ನಮ್ಮ ಮನೆಯವರು ತಲೆ ಮೇಲೆತ್ತಿ, ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದರು.

ವಿಮಾನ ಇಳಿಯುವವರೆಗೂ ಅವಳನ್ನು ಬಿಡಲಿಲ್ಲ. ಇಳಿದ ಮೇಲೆ ಬಟ್ಟಲಿಗೆ ಹೆಪ್ಪು ಹಾಕಿ ಕಳಿಸಿದೆ.

ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಬಂದರು. ಮುಖ ಬಾಡಿತ್ತು. ರೊಟ್ಟಿ ಹಾಕಿ ಎದುರಿಗೆ ಕೂತೆ.

“ಇನ್ನು ಮ್ಯಾಲೆ ನೀವೇ ಹತ್ತ್ರಿ” ಎಂದೆ.

ಅವರು ತಲೆಯೆತ್ತಿದರು. “ನಿನಗೆ ಅಂಜಿಕಿ?”

“ಐತೆ. ಅದು ಹೋಗಲ್ಲ. ಹತ್ತೋ ದಿನ ನನಗೆ ಹೇಳಿ ಹತ್ತ್ರಿ, ಅಷ್ಟೇ.”

ಅವರು ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದು, ಎಷ್ಟೋ ದಿನದ ಮೇಲೆ, ಮಗನ ತಟ್ಟೆಗೆ ತಾವೇ ಪಲ್ಯ ಹಾಕಿದರು.