ಉಪಗ್ರಹಕ್ಕೆ ಕಳಿಸಿದ ಸಂದೇಶ

"ಅಣ್ಣ, ಅದ್ರಲ್ಲಿ ಆಂಬುಲೆನ್ಸ್‌ಗೆ ಏಳಕ್ಕಾಯ್ತದಾ?"

ವೀರನಹೊಸಹಳ್ಳಿ ಹತ್ತಿರದ ಹೊಲದ ಬದುವಿನಲ್ಲಿ ನಾನು ಹ್ಯಾಮ್ ರೇಡಿಯೊದ ಆಂಟೆನಾ ಹಿಡಿದು ನಿಂತಿದ್ದಾಗ ಪಕ್ಕದ ಹೊಲದ ಹೆಂಗಸು ಓಡಿಬಂದು ಹೀಗೆ ಕೇಳಿದರು. ತಂಬಾಕು ಹದ ಮಾಡುವ ಬ್ಯಾರನ್ ಮನೆಯ ಮೇಲಿಂದ ಅವರ ಗಂಡ ಬಿದ್ದಿದ್ದರು. ಬೈಕಿನಲ್ಲಿ ಕೂರಿಸುವ ಸ್ಥಿತಿಯಲ್ಲಿರಲಿಲ್ಲ. ಅಲ್ಲಿ ಯಾರ ಮೊಬೈಲಿಗೂ ಸಿಗ್ನಲ್ ಇಲ್ಲ.

ಆಯ್ತದೆ ಕಣವ್ವ ಅಂದೆ. ತಲೆಯ ಮೇಲೆ ಹಾದುಹೋಗುವ ಉಪಗ್ರಹದ ಮೂಲಕ ದೂರದವರಿಗೆ ಚುಟುಕು ಸಂದೇಶ ಕಳಿಸುವುದು ನನ್ನ ಹುಚ್ಚು. ಊರ ಹೆಸರು ಹಾಕಿ, ಆಂಬುಲೆನ್ಸ್ ಬೇಕು ಎಂದು ಮತ್ತೆ ಮತ್ತೆ ಕಳಿಸಿದೆ. ಹತ್ತು ನಿಮಿಷದಲ್ಲಿ ಉಪಗ್ರಹ ಮರೆಯಾಗುವ ಮುನ್ನ ಸಮುದ್ರದಾಚೆಯ ಯಾರೋ ಉತ್ತರಿಸಿದರು: ‘ನಿಮ್ಮ ಸಿಗ್ನಲ್ ಸ್ಪಷ್ಟವಾಗಿದೆ, ಧನ್ಯವಾದ.’ ನಾವು ಹ್ಯಾಮ್‌ಗಳು ಅಭ್ಯಾಸಬಲದಿಂದ ಎಲ್ಲರಿಗೂ ಕಳಿಸುವ ಸಾಲು ಅದು. ಬಂದ ಸಂದೇಶವನ್ನು ಸರಿಯಾಗಿ ಓದದೆ ನಾನೂ ಎಷ್ಟೋ ಸಲ ಕಳಿಸಿದ್ದೇನೆ.

ಆಮೇಲೆ ಬೈಕ್ ಹತ್ತಿದೆ. ಮೂರು ಕಿಲೋಮೀಟರ್ ಆಚೆಯ ತಿರುವಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನನಗೆ ಮೊದಲಿಂದಲೂ ಗೊತ್ತಿತ್ತು. ಅಲ್ಲಿಂದ ಫೋನ್ ಮಾಡಿದೆ, ಆಂಬುಲೆನ್ಸ್ ಬಂತು. ಹುಣಸೂರಿನಲ್ಲಿ ಆಸ್ಪತ್ರೆಯ ಗೇಟು ಕಾಣುವಾಗ ಅವರ ಉಸಿರು ನಿಂತಿತು.

ತಿಥಿಯ ದಿನ ಆಕೆ ನನ್ನನ್ನು ಎಲೆಯ ಮುಂದೆ ಕೂರಿಸಿ ನೆಂಟರಿಗೆ ಹೇಳಿದರು, "ಇವ್ರು ಆಕಾಸಕ್ಕೂ ಏಳಿ ನೋಡುದ್ರು ಕಣವ್ವ, ನಮ್ ಅಣೇಬರ." ಮೊದಲೇ ಯಾಕೆ ಬೈಕ್ ಹತ್ತಲಿಲ್ಲ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಡಿಸಿದ್ದನ್ನೆಲ್ಲ ತಿಂದು ಎದ್ದೆ.