ಅಕ್ಕನ ಮಗಳು

ಹೋದ ಬೆಳೆಯಲ್ಲಿ, ಜ್ವರಕ್ಕೆ ಮಲಗಿದ್ದ ರೇಷ್ಮೆಹುಳುಗಳ ಮೇಲೆ ಅಪ್ಪ ಸೊಪ್ಪು ಸುರಿದುಬಿಟ್ಟರು. ಜ್ವರವೆಂದರೆ ಹುಳು ಪೊರೆ ಕಳಚುವ ಹೊತ್ತು; ಆಗ ಸೊಪ್ಪು ಹಾಕಬಾರದೆಂದು ನನಗೆ ಕಲಿಸಿದವರೇ ಅವರು.

ಅಪ್ಪನಿಗೆ ಹಿಡಿದ ಈ ಮರೆವು ನನಗೂ ಬರುತ್ತದೆಯೇ ಎಂದು ಕೋಲಾರದ ಡಾಕ್ಟರನ್ನು ಕೇಳಿದೆ. ಗಂಡಸಿನ ಹಾರ್ಮೋನನ್ನು ಜೀವಕೋಶದಲ್ಲಿ ಹಿಡಿದುಕೊಳ್ಳುವ ರಿಸೆಪ್ಟರ್ ಎಂಬ ಪ್ರೋಟೀನು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರವಂತೆ. ಮುಪ್ಪಿನ ಮರೆವಿಗೆ ಅದೂ ಒಂದು ಕಾರಣವಿರಬಹುದು, ಖಚಿತವಿಲ್ಲ ಎಂದರು. "ಆದ್ರೆ ಅದ್ರ ಜೀನು ಗಂಡುಮಕ್ಕಳಿಗೆ ಅಪ್ಪನಿಂದ ಬರಲ್ಲ ಕಣ್ರೀ, ತಾಯಿಂದ ಬರೋದು."

ಮುಳಬಾಗಿಲಿನ ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಹೋದೆ. ದರಿದ್ರ ನೆಮ್ಮದಿ!

ಮನೆಯಲ್ಲಿ ಅಮ್ಮ ಅಪ್ಪನಿಗೆ ಮುದ್ದೆ ಬಡಿಸುತ್ತಿದ್ದಳು. ಅಪ್ಪ ನನ್ನನ್ನು ಗದರಿದರು: "ಏನ್ಲಾ ನೋಡ್ತಾ ನಿಂತಿದ್ದೀಯ? ನಮ್ಮಕ್ಕನ ಮಗಳು ಬಂದವ್ಳೆ, ಚಾಪೆ ಹಾಕು."

ಮದುವೆಯಾದದ್ದೇ ಅವರಿಗೆ ಮರೆತಿತ್ತು. ಹೇಳಿದ್ದು ಮಾತ್ರ ನಿಜ. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೇ ಕೊಡುತ್ತಾರೆ; ಅಮ್ಮ ಅಪ್ಪನ ಸ್ವಂತ ಅಕ್ಕನ ಮಗಳು. ಅಪ್ಪನ ತಾಯಿಯೇ ಅಮ್ಮನ ಅಜ್ಜಿ. ಆ ಮುದುಕಿಯಿಂದ ಅಪ್ಪನಿಗೆ ಬಂದ ಜೀನೇ ಅವರಕ್ಕನಿಗೂ ಬಂದು, ಅಮ್ಮನ ಮೂಲಕ ನನಗೂ ಬಂದಿರಬಹುದು.

"ಡಾಕ್ಟ್ರು ಏನಂದ್ರಪ್ಪಾ?" ಅಮ್ಮ ಕೇಳಿದಳು.

"ಅಪ್ಪನಿಂದ ಬರಲ್ವಂತಮ್ಮ," ಎಂದೆ.

ಅಮ್ಮ ದೇವರ ಪಟದ ಕಡೆ ತಿರುಗಿ ಕೈಮುಗಿದಳು.