ಕ್ಯಾಪ್ಟನ್ ಆಗಲೊಲ್ಲದ ಮಾಸ್ತರರು

ಅವರ ಮುಖವೆಲ್ಲ ಕಾದ ಹಂಚಿನ ಬಣ್ಣ. ಕಣ್ಣುಗಳ ಸುತ್ತ ಮಾತ್ರ ಎರಡು ಬಿಳಿಯ ಬಟ್ಟಲು. ವರ್ಷಗಟ್ಟಲೆ ಕಪ್ಪು ಕನ್ನಡಕ ಹಾಕಿಕೊಂಡು ಬಿಸಿಲಿಗೆ ಮುಖ ಕೊಟ್ಟವರಿಗೆ ರಾಯಚೂರಿನ ಸೂರ್ಯ ದಯಪಾಲಿಸುವ ಪದಕ ಅದು. ಮೊದಲ ಸಲ ನನ್ನ ಅಂಗಡಿಯ ಮುಂದೆ ನಿಂತು ಕನ್ನಡಕ ತೆಗೆದಾಗ, ನಡುಹಗಲಲ್ಲಿ ಗೂಗೆಯೊಂದು ವಿಳಾಸ ಕೇಳಲು ಬಂದಂತೆ ಕಂಡರು. ವಿಳಾಸ ಕೇಳಲಿಲ್ಲ. ಬಗ್ಗಿ, ರಸ್ತೆಯ ಅಂಚಿನಿಂದ ಚಿಟಿಕೆ ಮಣ್ಣು ಎತ್ತಿ, ಎದೆಯ ಮಟ್ಟದಿಂದ ಕೆಳಗೆ ಬಿಟ್ಟು, ಧೂಳು ಯಾವ ಕಡೆ ವಾಲಿತೆಂದು ನೋಡಿದರು.

"ನಿಮ್ಮ ಅಂಗಡಿ ಗಾಳಿಗಿ ಎದುರಿಗದರಿ ಪೇಂಟರ್ರೇ. ಬಣ್ಣ ಲಗೂನ ಒಣಗ್ತದ, ಆದ್ರ ಧೂಳ ಅಂಟ್ತದ."

ನಾನು ಬಾಗಲವಾಡದ ಕೂಲಿಯ ಮನೆಯಲ್ಲಿ ಹುಟ್ಟಿ, ತೀನ್ ಕಂದೀಲ್ ಚೌಕದ ಹತ್ತಿರ ಬೋರ್ಡು ಬರೆಯುವ ಅಂಗಡಿ ಇಟ್ಟವನು. ಈ ಊರಿನ ಅರ್ಧ ಗೌರವ ನನ್ನ ಕುಂಚದಿಂದ ಹೊರಟದ್ದು ಎಂದರೆ ಜಂಬವಲ್ಲ. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ನನ್ನಲ್ಲಿಗೆ ಬಂದು ವಕೀಲರಾದವರಿದ್ದಾರೆ. 'ಮಾಜಿ' ಎಂಬುದನ್ನು ಇರುವೆಯಷ್ಟು, 'ಅಧ್ಯಕ್ಷರು' ಎಂಬುದನ್ನು ಎಮ್ಮೆಯಷ್ಟು ಬರೆಸಿಕೊಂಡವರಿದ್ದಾರೆ. ಬಿರುದನ್ನು ಕಡಿಮೆ ಮಾಡೆಂದು ಕೇಳಿದವರು ಮಾತ್ರ ಇವರೊಬ್ಬರೇ. ಅವರಿಗೆ ಬೇಕಾಗಿದ್ದದ್ದು ಒಂದೇ ಸಾಲು: 'ಸಣ್ಣ ವಿಮಾನ ನಡೆಸಲು ಕಲಿಸಲಾಗುವುದು.'

"ಮ್ಯಾಲ ಕ್ಯಾಪ್ಟನ್ ಅಂತ ಬರೀಲೇನ್ರಿ?" ಎಂದೆ.

"ಬ್ಯಾಡ. ಕ್ಯಾಪ್ಟನ್ ಅಂದ್ರ ಮಂದಿನ್ನ ಕರಕೊಂಡು ಹೋಗಾಂವ. ನಾನು ಕಲಿಸಾಂವ. ದೊಡ್ಡ ಹುದ್ದೆ ಇಟ್ಕೊಂಡು ಸಣ್ಣದು ಯಾಕ ಬರಸ್ಲಿ?"

"ಹಂಗಾರ 'ಸಣ್ಣ' ಅನ್ನೂದರೆ ಬಿಡ್ರಿ. ಬರೇ ವಿಮಾನ ಅಂದ್ರ ತೂಕ ಬರ್ತದ."

"ಅದು ಇರೂದ ಸಣ್ಣದು. ಇಬ್ಬರಿಗಿ ಜಾಗ. ಬಂದು ನೋಡಿ ಮಾರಿ ಸಣ್ಣ ಮಾಡ್ಕೊಳ್ಳೂದಕ್ಕಿಂತ ಮೊದ್ಲ ಗೊತ್ತಾಗ್ಲಿ ಬಿಡ್ರಿ."

ಇದನ್ನು ವಿನಯವೆಂದು ತಿಳಿದವರು ಮೋಸಹೋದರು. ಅವರಿಗೆ ಇದ್ದದ್ದು ಶುದ್ಧವಾದ ಅಹಂಕಾರ. ಕಲಿಸುವವನ ಮೇಲೆ ಇನ್ನೊಂದು ಪದವಿಯೇ ಇಲ್ಲವೆಂದು ನಂಬಿದ್ದರು. ಯಾರಾದರೂ ಕ್ಯಾಪ್ಟನ್ ಎಂದರೆ ಹಿಂಬಡ್ತಿ ಕೊಟ್ಟಂತೆ ಮುಖ ಮಾಡುತ್ತಿದ್ದರು. ಆದ್ದರಿಂದ ನಾನು ಮಾಸ್ತರರೆಂದೇ ಕರೆದೆ.

ಮಾಸ್ತರರು ಮಾನ್ವಿಯವರು. ದೂರದೂರದ ಮೈದಾನಗಳಲ್ಲಿ ಕಲಿಸಿ, ತಲೆ ಹಣ್ಣಾದ ಮೇಲೆ ಈ ಕಡೆಗೆ ಮರಳಿದ್ದರು. ದೇವದುರ್ಗದ ಅಕ್ಕಿ ಗಿರಣಿಯ ಸಾವುಕಾರರೊಬ್ಬರು ರಸ್ತೆಯ ಮಗ್ಗುಲಿನ ತಮ್ಮ ಬಯಲಿಗೆ ಮೊರಂ ಜಲ್ಲಿಮಣ್ಣು ಹಾಕಿಸಿ, ವಿಮಾನ ಓಡುವ ಪಟ್ಟಿಯೊಂದನ್ನು ಮಾಡಿಸಿ, ಬೇಕಾದ ಪರವಾನಗಿಗಳನ್ನೂ ತರಿಸಿಕೊಟ್ಟಿದ್ದರು. ವಿಮಾನದ ಸದ್ದು ಕೇಳಿದ ಸುತ್ತಲಿನ ಹಳ್ಳಿಯವರು ಅದಕ್ಕೆ ಮೋಟರ್ ಸೈಕಲ್ಲಿಗೆ ಅನ್ನುವಂತೆ ಫಟಫಟಿ ಎಂದು ನಾಮಕರಣ ಮಾಡಿದರು. ಮಾನ್ವಿಯ ಮದುವೆಯೊಂದರಲ್ಲಿ ಮಾಸ್ತರರನ್ನು ಕ್ಯಾಪ್ಟನ್ ಸಾಹೇಬರೆಂದು ಮದುಮಗನ ಮಗ್ಗುಲಲ್ಲೇ ಊಟಕ್ಕೆ ಕೂರಿಸಿದರಂತೆ. ಯಾರೋ ಹಿರಿಯರು, "ನಿಮ್ಮದರಾಗ ಎಷ್ಟು ಮಂದಿ ಕೂಡ್ತಾರ್ರಿ?" ಎಂದು ಕೇಳಿದರು. "ನಾನು, ಇನ್ನೊಬ್ರು." ಹಿರಿಯರು ಯೋಚಿಸಿ, "ನಮ್ಮ ಹುಡುಗನ ಆಟೋದಾಗ ಹತ್ತ ಮಂದಿ ಕೂಡ್ತಾರಲ್ರೀ," ಎಂದರು. ಕೈ ತೊಳೆದು ಬರುವಷ್ಟರಲ್ಲಿ ಆ ಕುರ್ಚಿಯಲ್ಲಿ ಒಬ್ಬ ಕಂತ್ರಾಟುದಾರ ಕುಳಿತಿದ್ದ. ಮಾಸ್ತರರು ಇದನ್ನು ತಾವೇ ಹೇಳಿಕೊಂಡು ತೃಪ್ತಿಯಿಂದ ಅಡಿಕೆ ಅಗಿಯುತ್ತಿದ್ದರು.

ಬೋರ್ಡು ನಿಲ್ಲಿಸಲು ಬಯಲಿಗೆ ಹೋದ ದಿನ ನನ್ನ ಮಗಳು ಜೊತೆಗೆ ಬಂದಳು. ಬಿ.ಎಸ್ಸಿ. ಮುಗಿಸಿ, ಮುಂದೇನೆಂದು ಕೇಳಿದವರಿಗೆಲ್ಲ ನಕ್ಕು ಸುಮ್ಮನಾಗುತ್ತಿದ್ದ ಹುಡುಗಿ. ವಿಮಾನದೊಳಗೆ ಒಮ್ಮೆ ಕುಳಿತವಳು ಬೋರ್ಡಿನ ಕಂಬದ ಗಾರೆ ಗಟ್ಟಿಯಾಗುವವರೆಗೂ ಇಳಿಯಲಿಲ್ಲ. ಈ ಸೀಮೆಯ ಹೆಣ್ಣುಮಗಳೊಬ್ಬಳನ್ನು ಹಾರಿಸಿದ ಹೆಸರು ತಮಗೆ ಬರಲೆಂದು ಸಾವುಕಾರರು ಆಕೆಯ ಕಲಿಕೆಯ ಹೊಣೆ ಹೊತ್ತರು. ಹೆಸರಿನ ಆಸೆಯಿಂದಲೂ ಒಳ್ಳೆಯದಾಗುತ್ತದೆ; ನನ್ನ ಅಂಗಡಿಯೇ ಅದಕ್ಕೆ ಸಾಕ್ಷಿ.

ಬೆಳಗಾದರೆ ಮಾಸ್ತರರ ಮೊದಲ ಮಾತು, "ಲೇ ತಂಗಿ, ಗಾಳಿ ಹೆಂಗದ?" ಮಗಳು ಚಿಟಿಕೆ ಮಣ್ಣು ಬಿಟ್ಟು ನೋಡಿ ಹೇಳಬೇಕು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಂಬದ ಮೇಲೆ ಹಾರುತ್ತಲೇ ಇರುತ್ತಿತ್ತು. "ಚೀಲ ನೋಡಿದ್ರ ಆಗಲ್ಲೇನ್ರಿ ಸರ್?" ಎಂದಳು ಒಮ್ಮೆ. "ಚೀಲ ಕಂಬದ ಮ್ಯಾಲಿಂದು ಹೇಳ್ತದ. ನಿನ್ನ ಗಾಲಿ ಮುಟ್ಟೂದು ನೆಲಕ್ಕ."

ಅವರಲ್ಲಿ ಇನ್ನೊಂದು ಪದ್ಧತಿಯಿತ್ತು. ಕಲಿಯುವವರು ಯಾರೇ ಆಗಲಿ, ಡಾಕ್ಟರಿರಲಿ, ಧಣಿಗಳ ಮಗನಿರಲಿ, ಏಕವಚನವೇ. ಒಬ್ಬರೇ ಹಾರಿ, ಒಬ್ಬರೇ ಇಳಿದ ದಿನದಿಂದ ಬಹುವಚನ. ಮತ್ತೆ ಕೆಳಗಿಳಿಸುವ ಮಾತಿಲ್ಲ. "ನನ್ನ ಕಡಿಂದ ಸಿಗೂ ಡಿಗ್ರಿ ಅದೊಂದರಿ," ಎನ್ನುತ್ತಿದ್ದರು.

ಮಗಳ ಒಂಟಿ ಹಾರಾಟದ ಕಾಲ ಹತ್ತಿರವಾದಾಗ ಸಾವುಕಾರರು ಅದನ್ನು ಸಮಾರಂಭ ಮಾಡಲು ನಿಶ್ಚಯಿಸಿದರು. ಶಾಮಿಯಾನ ಎದ್ದಿತು. ಗಣ್ಯರಿಗೆ ಸೋಫಾ ಬಂತು. ನನ್ನ ಕಸುಬನ್ನು ನುಂಗಿದ ಫ್ಲೆಕ್ಸ್ ಒಂದು ಆಳೆತ್ತರಕ್ಕೆ ನಿಂತಿತು. ಅದರಲ್ಲಿ ದೊಡ್ಡ ವಿಮಾನದ ಪೈಲಟನೊಬ್ಬನ ಮೈಗೆ, ಹೆಗಲ ಮೇಲೆ ನಾಲ್ಕು ಚಿನ್ನದ ಪಟ್ಟಿಯಿದ್ದ ಅಂಗಿಗೆ, ಮಾಸ್ತರರ ತಲೆ ಅಂಟಿಸಿ 'ಕ್ಯಾಪ್ಟನ್' ಎಂದು ಅಚ್ಚು ಹಾಕಿದ್ದರು. ಮಾಸ್ತರರು ಅದನ್ನು ಬಹಳ ಹೊತ್ತು ನೋಡಿ, "ಮೈ ಛಲೋ ಅದ. ಯಾರದೋ ಏನೋ," ಎಂದರು.

ಗಣ್ಯರು ಕುಳಿತರು. ಮಾಸ್ತರರು ಮಗಳೊಂದಿಗೆ ಒಂದು ಸುತ್ತು ಹಾರಿ ಇಳಿದರು. ಇಳಿಯುವಾಗ ವಿಮಾನ ಪಟ್ಟಿಯ ಅಂಚಿಗೆ ಸರಿದದ್ದು ನನ್ನಂಥವನಿಗೂ ಕಂಡಿತು. ಇಬ್ಬರೂ ಬಗ್ಗಿ ಮಣ್ಣು ಬಿಟ್ಟು ನೋಡಿದರು. ಧೂಳು ಪಟ್ಟಿಗೆ ಅಡ್ಡವಾಗಿ, ಬೀಸಿ ಒಗೆದಂತೆ ಹೋಯಿತು. ಮಾಸ್ತರರು ಎಂಜಿನ್ ಆರಿಸಿದರು.

"ಸರ್, ನಾ ಹಾರಸ್ತೀನ್ರಿ," ಎಂದಳು ಮಗಳು.

"ಹಾರಸ್ತಿ. ಇಳಸೂದು ಬ್ಯಾರೆ ಮಾತದ ತಂಗಿ. ಈ ಅಡ್ಡಗಾಳಿ ನಿನಗಿನ್ನೂ ಕಲಿಸಿಲ್ಲ ನಾನು."

ಸಾವುಕಾರರು ಬೆವರು ಒರೆಸುತ್ತ ಓಡಿ ಬಂದರು. ನಾನು ಪಕ್ಕದಲ್ಲೇ ಇದ್ದೆ.

"ಕ್ಯಾಪ್ಟನ್ ಸಾಹೇಬ್ರ, ಮಂದಿ ಮುಂದ ಮರ್ಯಾದಿ ಹೋಗ್ತದರಿ. ಆಕಿ ಬ್ಯಾಡ ಅಂದ್ರ ನೀವರೆ ಒಂದು ರೌಂಡ್ ಹೊಡದು ತೋರಸ್ರಿ. ನಿಮಗೇನು ಈ ಗಾಳಿ ಲೆಕ್ಕಲ್ಲ."

"ಲೆಕ್ಕಲ್ಲರಿ."

"ಮತ್ಯಾಕ?"

ಮಾಸ್ತರರು ದನಿ ತಗ್ಗಿಸಿದರು. "ನಾನು ಹಾರಿದ್ರ ಮಂದಿ ಏನಂತಾರ? ಗಾಳಿದು ಏನೂ ಇಲ್ಲ, ಹುಡುಗಿಗಿ ಬರವಲ್ದು ಅಂತಾರ. ಆ ಮಾತು ಆಕಿ ಬೆನ್ನ ಬಿಡಲ್ಲ ಸಾವ್ಕಾರ್ರೇ. ನನ್ನ ಬೆನ್ನಿಗಿ ಬರ್ಲಿ."

ಆಮೇಲೆ ಶಾಮಿಯಾನಕ್ಕೆ ಹೋಗಿ ಮೈಕು ಹಿಡಿದರು. "ಹುಡುಗಿ ತಯಾರದಾಳ್ರಿ. ಇವತ್ತು ಬಿಡಾಕ ನನಗ ಧೈರ್ಯ ಸಾಲವಲ್ದು. ದೊಡ್ಡವರು ಹೊಟ್ಟಿಗಿ ಹಾಕ್ಕೋಬೇಕು." ಇಷ್ಟೇ. ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಫಟಫಟಿ ಹೊಡ್ಯಾಕ ಇಷ್ಟು ಅಂಜಿಕಿ ಏನ್ರೀ ಕ್ಯಾಪ್ಟನ್ರೇ?" ಸೋಫಾದವರೂ ನಕ್ಕರು. ತಂದಿದ್ದ ಶಾಲು, ಹಾರ ಕೊನೆಗೆ ಅತಿಥಿಗಳಲ್ಲೇ ಒಬ್ಬರ ಕೊರಳಿಗೆ ಬಿದ್ದವು. ಮಾಸ್ತರರು ಚಪ್ಪಾಳೆ ತಟ್ಟಿದರು.

ಆ ವಾರವೆಲ್ಲ ರಾಯಚೂರಿನ ಚಹಾದಂಗಡಿಗಳಲ್ಲಿ ಅಂಜುಬುರುಕ ಕ್ಯಾಪ್ಟನ್ನನದೇ ಮಾತು. ಮುಂಚೆ ಒಪ್ಪದಿದ್ದ ಬಿರುದನ್ನು ಊರು ಅವರಿಗೆ ಈ ರೀತಿ ದಯಪಾಲಿಸಿತ್ತು. ದೇವದುರ್ಗದಿಂದ ಕಲಿಯಲು ಬರುತ್ತಿದ್ದ ಇಬ್ಬರು ನಿಂತುಬಿಟ್ಟರು. ಬಯಲು ತಮಗೆ ಬೇಕೆಂದು, ಗೋದಾಮು ಕಟ್ಟಿಸುವುದಿದೆಯೆಂದು ಸಾವುಕಾರರು ಹೇಳಿ ಕಳಿಸಿದರು. ನನ್ನ ಮಗಳ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಪಾಪ, ಹುಡುಗಿ ತಯಾರಿದ್ದಳು, ಮುದುಕನೇ ಅಂಜಿದ ಎಂಬುದೇ ಊರಿನ ತೀರ್ಪು.

ಬಯಲು ಬಿಡುವ ಮೊದಲು ಮಾಸ್ತರರು ಮಗಳಿಗೆ ಅಡ್ಡಗಾಳಿಯಲ್ಲಿ ಇಳಿಸುವುದನ್ನು ಕಲಿಸಿದರು, ಗಾಳಿ ಬೀಸಿದಾಗೆಲ್ಲ ಕರೆಸಿಕೊಂಡು. ಒಂದು ಬೆಳಗ್ಗೆ ಪಟ್ಟಿಯ ಮೇಲೆ ಮೂವರೇ ಇದ್ದೆವು. ಸುತ್ತು ಮುಗಿಸಿ ಇಳಿದ ವಿಮಾನದಿಂದ ಮಾಸ್ತರರು ಹೊರಗೆ ಬಂದರು. ತಮ್ಮ ಖಾಲಿ ಆಸನದ ಬೆಲ್ಟನ್ನು, ಸಡಿಲವಾಗಿ ಬಿದ್ದು ಸ್ಟಿಯರಿಂಗಿಗೆ ತೊಡಕಾಗದಂತೆ, ಅಡ್ಡ ಎಳೆದು ಬಿಗಿದರು. ಮಲಗಿದ ಮಗುವಿಗೆ ಕೌದಿ ಹೊದಿಸುವಷ್ಟು ನಿಧಾನವಾಗಿ ಬಿಗಿದರು.

"ನಾನಿಲ್ದ ಹಗುರಾಗಿರ್ತದ. ಲಗೂನ ಏಳ್ತದ. ಗಾಬರಿ ಆಗಬ್ಯಾಡ."

ವಿಮಾನ ಎದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ಮಾಸ್ತರರು ನನ್ನ ಮೊಣಕೈ ಹಿಡಿದು, "ಕಣ್ಣು ಮುಚ್ಚಿದ್ರ ಪರವಾಗಿಲ್ಲ, ಕಿವಿ ಮುಚ್ಚಬ್ಯಾಡ್ರಿ. ಸಪ್ಪಳ ಛಲೋ ಅದ, ಕೇಳ್ರಿ," ಎಂದರು. ಹಿಡಿದ ಮೊಣಕೈಯನ್ನು ವಿಮಾನ ಇಳಿಯುವವರೆಗೂ ಬಿಡಲಿಲ್ಲ. ಗೂಗಲ್ ಎಂಬ ಹಳ್ಳಿಯ ಕಡೆ ಹೊಳೆ ಕಂಡಿತೆಂದು ಮಗಳು ಆಮೇಲೆ ಹೇಳಿದಳು. ನಾನು ಕಣ್ಣು ತೆರೆದಾಗ ಕಂಡದ್ದು ಮಾಸ್ತರರ ಚಪ್ಪಲಿಗಳನ್ನಷ್ಟೇ.

ಗಾಲಿ ನೆಲ ಮುಟ್ಟಿದ ಸದ್ದು ಕೇಳಿತು. ಎಂಜಿನ್ ನಿಂತಿತು. ಮಾಸ್ತರರು ನಡೆದು ಹೋಗಿ ಬಾಗಿಲು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ಬರ್ರಿ," ಎಂದರು. "ಇಳೀರಿ. ಛಲೋ ಇಳಿಸಿದ್ರಿ."

ಮಗಳು ಇಳಿಯಲಿಲ್ಲ. ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತಳು. ಅದು ಸ್ಟಿಯರಿಂಗ್ ಅಲ್ಲವೆಂದು ಮಾಸ್ತರರು ನನಗೆ ತಿದ್ದಿದ್ದುಂಟು. ಬೇರೆ ಹೆಸರು ನನ್ನ ಬಾಯಿಗೆ ಹತ್ತಿಲ್ಲ.

ಬಯಲು ಹೋದ ಮೇಲೆ ಅವರು ಮಾನ್ವಿಯ ಮನೆಯಲ್ಲೇ ಉಳಿದರು. ಮಗಳು ಬೇರೆ ರಾಜ್ಯದ ಹಾರಾಟದ ಮೈದಾನಕ್ಕೆ ಹೋಗಿ ಮುಂದೆ ಕಲಿತಳು. ಈಗ ಅಲ್ಲಿಯೇ ಕಲಿಸುತ್ತಾಳೆ. ಆಕೆ ಫೋನು ಮಾಡಿದಾಗಲೆಲ್ಲ ಮಾಸ್ತರರು, "ಗಾಳಿ ಹೆಂಗದರಿ ನಿಮ್ಮ ಕಡಿ?" ಎಂದೇ ಶುರುಮಾಡುತ್ತಿದ್ದರು. ಎದೆಯ ಬೇನೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ನೋಡಲು ಹೋದೆ. ಸಮಾರಂಭದ ದಿನ ನಡೆದದ್ದನ್ನು ಊರಿಗೆ ಹೇಳಲೇ ಎಂದು ಕೇಳಿದೆ. "ಈಗ ಯಾಕ್ರಿ," ಎಂದರು. "ನಿಮ್ಮ ಮಗಳು ಅದಾರಲ್ಲ, ಅವರು ಇನ್ನೂ ಬಾಳ ದಿನ ಹಾರಬೇಕು. ನಾನು ಇಳದೀನಿ." ಅವರಿರುವವರೆಗೆ ನಾನು ಹೇಳಲಿಲ್ಲ.

ಮಾಸ್ತರರು ತೀರಿಕೊಂಡಾಗ ಮಣ್ಣಿಗೆ ಬಂದ ಮಂದಿ ಬಹಳವಲ್ಲ. ಮಾನ್ವಿಯ ಹೊರಗಿನ ಅವರ ಹೊಲದಲ್ಲಿ ಗುಣಿ ತೋಡಿದ್ದರು. ಬದುವಿನ ಬೇವಿಗೆ ಯಾರೋ ಕಟ್ಟಿದ ಫ್ಲೆಕ್ಸಿನಲ್ಲಿ ಮತ್ತದೇ ಪರರ ಮೈ, ನಾಲ್ಕು ಪಟ್ಟಿ, 'ಕ್ಯಾಪ್ಟನ್'. ಈ ಸಲ ಅವರು ಏನೂ ಅನ್ನಲಿಲ್ಲ.

ವಿಭೂತಿ, ಪತ್ರೆ ಹಾಕಿದ ಮೇಲೆ ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಮಗಳ ಸರದಿ ಬಂತು. ಆಕೆ ಮಣ್ಣು ಎತ್ತಿಕೊಂಡು, ಗುಣಿಯ ಅಂಚಿನಲ್ಲಿ ನೆಟ್ಟಗೆ ನಿಂತು, ಎದೆಯ ಮಟ್ಟದಿಂದ ಮೊದಲು ಚಿಟಿಕೆಯಷ್ಟನ್ನೇ ಬಿಟ್ಟಳು. ಧೂಳು ಹೋದ ಕಡೆ ನೋಡಿದಳು.

"ಪಡುವಣ ಗಾಳಿ ಸರ್. ಸಣ್ಣಗ ಅದ," ಎಂದಳು.

ಆಮೇಲೆ ಉಳಿದ ಮಣ್ಣನ್ನು ಹಾಕಿ ಹಿಂದೆ ಸರಿದಳು. ಪಕ್ಕದಲ್ಲಿದ್ದವರು ಅದೇನೋ ಮಂತ್ರವೆಂದುಕೊಂಡು ಕೈ ಮುಗಿದರು. ನಾನೂ ಮುಗಿದೆ.